ಎಂಜಿನ್ ಬಿಚ್ಚಿಲ್ಲ ಎನ್ನುವ ಮಾತು

ತಿರುವನಂತಪುರದ ತಂಪಾನೂರಿನಲ್ಲಿ ರೈಲು ನಿಲ್ದಾಣದ ಎದುರಿಗೇ ಬಸ್ ನಿಲ್ದಾಣ. ನಡುವಿನ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಟ್ಯಾಕ್ಸಿಗಳು ಸಾಲುಗಟ್ಟಿರುತ್ತವೆ. ಊರಿನ ಕೆಲಸ ಮುಗಿಸಿ ಕೊಚ್ಚಿಗೆ ಹೋಗಬೇಕಿತ್ತು. ರೈಲಿನಲ್ಲಿ ಸೀಟು ಸಿಗಲಿಲ್ಲ, ಜೊತೆಗೆ ಇಬ್ಬರು ಹಿರಿಯರು, ಅವರ ಚೀಲಗಳು. ಹಾಗಾಗಿ ಒಂದು ಹಳೆಯ ಬಿಳಿ ಇನ್ನೋವಾ ಹಿಡಿದೆವು. ಚಾಲಕರು ನಗರದ ಗಡಿ ದಾಟುವುದಕ್ಕೂ ಕಾಯಲಿಲ್ಲ. ತಮಿಳು ಬೆರೆಸಿದ ಮಲಯಾಳದಲ್ಲಿ, ಕನ್ನಡದವನಿಗೂ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದರು: ವಂಡಿ 4,80,000 ಕಿಲೋಮೀಟರ್ ಓಡಿದೆ, ಇಂದಿನವರೆಗೆ ಎಂಜಿನ್ ಬಿಚ್ಚಿಲ್ಲ.

ಇದೇ ಮಾತನ್ನು ನಾನು ಮಂಗಳೂರಿನಲ್ಲಿ, ಹಾಸನದಲ್ಲಿ, ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಕೇಳಿದ್ದೇನೆ. ಕಿಲೋಮೀಟರಿನ ಸಂಖ್ಯೆ ಬದಲಾಗುತ್ತದೆ, ಎರಡನೆಯ ವಾಕ್ಯ ಬದಲಾಗುವುದಿಲ್ಲ. ಎರಡು ರಾಜ್ಯಗಳ ಜನ ಭಾಷೆ, ಸಾಂಬಾರು, ರಾಜಕೀಯ ಯಾವುದರಲ್ಲೂ ಒಮ್ಮತಕ್ಕೆ ಬರದಿದ್ದರೂ ಇದೊಂದರಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಅಷ್ಟು ದೊಡ್ಡ ಒಮ್ಮತ ಕಂಡಾಗ ನನಗೆ ಸ್ವಲ್ಪ ಅನುಮಾನ ಹುಟ್ಟುವುದು ಹಳೆಯ ರೋಗ.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಟೊಯೋಟಾ ಕಾರುಗಳು ಬಾಳಿಕೆ ಬರುವುದಿಲ್ಲ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಕಾರಿಟ್ಟುಕೊಂಡವರನ್ನು ಎರಡು ಬೇರೆ ಪ್ರಶ್ನೆ ಕೇಳುತ್ತದೆ: ನಿಮ್ಮ ಕಾರು ನಿಮಗೆ ತೃಪ್ತಿ ಕೊಟ್ಟಿದೆಯೇ, ಮತ್ತು ಕಳೆದ 12 ತಿಂಗಳಲ್ಲಿ ಅದರಲ್ಲಿ ಏನೇನು ಕೆಟ್ಟಿದೆ? ಎರಡನೆಯ ಪ್ರಶ್ನೆಯ ಪಟ್ಟಿಯಲ್ಲಿ ಟೊಯೋಟಾ ಮತ್ತು ಅದರ ಲೆಕ್ಸಸ್ ವರ್ಷಗಳಿಂದ ಮೇಲಿನ ಸ್ಥಾನಗಳಲ್ಲೇ ಇವೆ. ಆ ಪುರಾವೆಯನ್ನು ನಾನು ಗೌರವಿಸುತ್ತೇನೆ. ಆದರೆ ನಾವು ಕಾರು ಕೊಳ್ಳುವುದು ಆ ಪಟ್ಟಿ ಓದಿ ಅಲ್ಲ. ಮಾವನ ಮಾತು, ಚಾಲಕನ ಮಾತು, ಆಫೀಸಿನ ಪಕ್ಕದ ಮೇಜಿನವರ ಮಾತು ಕೇಳಿ. ಆ ಮಾತುಗಳು ಏನನ್ನು ಸಾಬೀತು ಮಾಡುತ್ತವೆ ಎಂಬುದಷ್ಟೇ ನನ್ನ ಪ್ರಶ್ನೆ.

ಎಂಜಿನ್ ಬಿಚ್ಚಿಲ್ಲ ಎಂಬುದನ್ನೇ ತೆಗೆದುಕೊಳ್ಳಿ. ಕೊಲ್ಲಂ ದಾಟುವ ಹೊತ್ತಿಗೆ, ನಾನೇನೂ ಕೆದಕದೆ, ಸಹಜವಾದ ಮಾತುಕತೆಯಲ್ಲೇ ಗೊತ್ತಾಯಿತು: ಕ್ಲಚ್ ಪ್ಲೇಟ್ ಎರಡು ಸಲ ಬದಲಾಗಿದೆ, ಟೈಮಿಂಗ್ ಬೆಲ್ಟ್ ಮೂರು ಸಲ, ಸಸ್ಪೆನ್ಷನ್ನಿನ ಬುಶ್‌ಗಳು ಲೆಕ್ಕವಿಲ್ಲ, ಇಂಜೆಕ್ಟರ್ ಒಮ್ಮೆ ಶುಚಿಯಾಗಿದೆ. ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಅಷ್ಟು ದೂರ ಓಡಿದ ಯಾವ ಗಾಡಿಯಲ್ಲಾದರೂ ಬದಲಾಗಬೇಕಾದವು, ಯಾರ ತಪ್ಪೂ ಅಲ್ಲ. ಆದರೆ ಚಾಲಕರು ಅದಕ್ಕೆ ಬಳಸಿದ ಪದ ‘ಮೇಂಟೆನೆನ್ಸ್’. ನಮ್ಮ ಬೀದಿಯಲ್ಲಿ ಬೇರೊಂದು ಕಂಪನಿಯ ಕಾರಿಟ್ಟಿರುವ ನೆರೆಯವರಿದ್ದಾರೆ. ಅವರ ಕಾರಿನ ಕ್ಲಚ್ 70,000 ಕಿಲೋಮೀಟರಿಗೆ ಸವೆದಾಗ ಅವರು ಬಳಸಿದ ಪದ ‘ಪ್ರಾಬ್ಲಮ್’. ಸವೆತ ಒಂದೇ, ಹೆಸರು ಎರಡು. ಮೆಚ್ಚಿನ ಮಗ ತಡವಾಗಿ ಬಂದರೆ ಕೆಲಸದ ಒತ್ತಡ, ಮೆಚ್ಚದ ಮಗ ತಡವಾಗಿ ಬಂದರೆ ಸೋಮಾರಿತನ. ಹಾಗಿರುವಾಗ ‘ಒಂದೂ ಪ್ರಾಬ್ಲಮ್ ಇಲ್ಲ’ ಎಂಬ ಸಾಕ್ಷ್ಯದಲ್ಲಿ ಕಾರಿನ ಪಾಲೆಷ್ಟು, ಪದಕೋಶದ ಪಾಲೆಷ್ಟು ಎಂದು ಬೇರ್ಪಡಿಸುವುದು ನಾವು ಅಂದುಕೊಂಡಷ್ಟು ಸುಲಭವಲ್ಲ.

ಇನ್ನು ಕಿಲೋಮೀಟರು. 4,80,000 ಎಂದರೆ ಬೆರಗಾಗುವುದು ಸಹಜ. ಆದರೆ ಗಾಡಿಯ 12 ವರ್ಷದ ಆಯುಷ್ಯಕ್ಕೆ ಹಂಚಿ ನೋಡಿದರೆ ವರ್ಷಕ್ಕೆ 40,000, ದಿನಕ್ಕೆ ಸುಮಾರು 110. ದಿನವೂ ಓಡುವ, ಒಮ್ಮೆ ಬಿಸಿಯಾದರೆ ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ತಿರುಗುವ ಡೀಸೆಲ್ ಎಂಜಿನ್ನಿಗೆ ಇದು ಬಹುಶಃ ಅತ್ಯಂತ ಆರೋಗ್ಯಕರ ಜೀವನ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದಾಗ ಚಾಲೂ ಮಾಡಿದ ಮೊದಲ ನಿಮಿಷಗಳಲ್ಲಿ, ಎಣ್ಣೆ ಎಲ್ಲೆಡೆ ಹರಿಯುವ ಮುನ್ನ. ಮಗುವನ್ನು ಎರಡು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಬರುವ, ವಾರದಲ್ಲಿ ಮೂರು ದಿನ ಹೊದಿಕೆ ಹೊದ್ದು ನಿಲ್ಲುವ ಜಯನಗರದ ಕಾರು 12 ವರ್ಷದಲ್ಲಿ ಒಂದು ಲಕ್ಷವೂ ಓಡಿರುವುದಿಲ್ಲ, ಆದರೂ ಅದರ ಎಂಜಿನ್ ಕಂಡಿರುವ ಕಷ್ಟ ಪ್ರತಿ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಹೆಚ್ಚು. ಟ್ಯಾಕ್ಸಿಯ ಆಯುಷ್ಯ ನೋಡಿ ಮನೆಯ ಕಾರಿನ ಆಯುಷ್ಯ ಊಹಿಸುವುದು ಗದ್ದೆಯಲ್ಲಿ ದುಡಿಯುವ ಅಜ್ಜನ ಮೊಣಕಾಲು ನೋಡಿ ಮೇಜಿನ ಮುಂದೆ ಕೂರುವ ಮೊಮ್ಮಗನ ಮೊಣಕಾಲಿಗೆ ಖಾತರಿ ಕೊಟ್ಟ ಹಾಗೆ.

ಇದರ ಹಿಂದೆಯೇ ಇನ್ನೊಂದು ತೊಡಕಿದೆ. ತಂಪಾನೂರಿನ ಸಾಲಿನಲ್ಲಿ ನಿಂತು ನನಗೆ ಸಾಕ್ಷಿ ಹೇಳುವುದು ಉಳಿದುಕೊಂಡ ಗಾಡಿಗಳು ಮಾತ್ರ. ಅಪಘಾತಕ್ಕೆ ಸಿಕ್ಕಿದವು, ಸಾಲ ಕಟ್ಟಲಾಗದೆ ಹೋದವು, ದುರಸ್ತಿಯ ಖರ್ಚು ಗಿಟ್ಟದೆ ಗುಜರಿಗೆ ಬಿದ್ದವು ಯಾವ ನಿಲ್ದಾಣದಲ್ಲೂ ನಿಂತಿರುವುದಿಲ್ಲ. ನನ್ನ ಬಾಲ್ಯದಲ್ಲಿ ಇದೇ ಮಾತನ್ನು ಅಂಬಾಸಿಡರ್ ಬಗ್ಗೆ ಹೇಳುತ್ತಿದ್ದರು. ಅದರ ತಯಾರಿಕೆ 2014ರಲ್ಲಿ ನಿಂತಿತು. ಆಗಲೂ ಕೇರಳದಲ್ಲಿ ಅದರ ಭಕ್ತರು ಕಡಿಮೆಯಿರಲಿಲ್ಲ. ಅಂಬಾಸಿಡರ್ ಗಟ್ಟಿ ಎನ್ನುವಾಗ ಜನ ಹೇಳುತ್ತಿದ್ದದ್ದು ಕೆಡುವುದಿಲ್ಲ ಎಂದಲ್ಲ, ಎಲ್ಲಿ ಕೆಟ್ಟರೂ ಅಲ್ಲಿಯೇ ಒಬ್ಬ ಸ್ಪ್ಯಾನರ್ ಹಿಡಿದವನು ಸಿಗುತ್ತಾನೆ ಎಂದು. ಇನ್ನೋವಾ ಗಟ್ಟಿ ಎನ್ನುವಾಗ ಹೇಳುವುದು ಸ್ಪ್ಯಾನರ್ ಹಿಡಿದವನ ಅಗತ್ಯವೇ ಬೀಳುವುದಿಲ್ಲ ಎಂದು. ಎರಡು ತೀರಾ ಬೇರೆ ಗುಣಗಳು. ಒಂದಿದ್ದಲ್ಲಿ ಇನ್ನೊಂದು ಇರಬೇಕೆಂದೇನಿಲ್ಲ. ನಾವು ಎರಡಕ್ಕೂ ‘ಗಟ್ಟಿ’ ಎಂಬ ಒಂದೇ ಪದ ಬಳಸಿ ಸುಮ್ಮನಾಗಿದ್ದೇವೆ.

ಎಲ್ಲಕ್ಕಿಂತ ಹೆಚ್ಚು ನೆಮ್ಮದಿಯಿಂದ ಹೇಳುವ ಕಾರಣ ಇನ್ನೊಂದು: ಜಪಾನಿನವರು ಸಾರ್. ಈ ಎರಡು ಪದಗಳಾಚೆಗೆ ವಿವರಣೆ ಬೇಕಿಲ್ಲ ಎಂಬ ಭಾವ. ಇಲ್ಲಿ ಮಾತ್ರ ನನಗೆ ಇತಿಹಾಸ ಅಡ್ಡ ಬರುತ್ತದೆ.

ಟೊಯೋಟಾದ ಮೂಲ ಕಾರಲ್ಲ, ಮಗ್ಗ. 1867ರಲ್ಲಿ ಈಗಿನ ಕೊಸೈ ನಗರದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ಹೆಚ್ಚುಗಾರಿಕೆ ವೇಗವೊಂದೇ ಆಗಿರಲಿಲ್ಲ. ಒಂದು ನೂಲು ಹರಿದರೂ ಅದು ತಾನಾಗಿ ನಿಂತುಬಿಡುತ್ತಿತ್ತು. ತಪ್ಪು ಬಟ್ಟೆ ನೇಯುವುದಕ್ಕಿಂತ ನೇಯದಿರುವುದು ಮೇಲು ಎಂಬ ಲೆಕ್ಕ. ಮಗ ಕಿಚಿರೊ ಆ ಕಂಪನಿಯಲ್ಲಿ 1933ರಲ್ಲಿ ಕಾರಿನ ವಿಭಾಗ ತೆರೆದು 1937ರಲ್ಲಿ ಅದನ್ನು ಪ್ರತ್ಯೇಕ ಕಂಪನಿ ಮಾಡಿದರು. ಅಲ್ಲಿಂದ ನೇರವಾಗಿ ಇಂದಿನ ಖ್ಯಾತಿಗೆ ಗೆರೆ ಎಳೆದರೆ ಕಥೆ ಚೆಂದ. ಆದರೆ ನಡುವೆ 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು, ಕಾರ್ಮಿಕರನ್ನು ತೆಗೆದು, ಕಿಚಿರೊ ರಾಜೀನಾಮೆ ಕೊಡಬೇಕಾಯಿತು. 1957ರಲ್ಲಿ ಕ್ರೌನ್ ಕಾರನ್ನು ಅಮೆರಿಕಕ್ಕೆ ಒಯ್ದಾಗ ಅದು ಅಲ್ಲಿನ ಹೆದ್ದಾರಿಯ ವೇಗಕ್ಕೆ ತಾಳದೆ ಬಿಸಿಯಾಗಿ, ನಡುಗಿ, ಕೆಲವೇ ವರ್ಷಗಳಲ್ಲಿ ಮಾರಾಟದಿಂದ ಹಿಂದೆ ಸರಿಯಿತು. ಆ ಕಾಲದ ಅಮೆರಿಕನ್ನರಿಗೆ ‘ಜಪಾನಿನ ಮಾಲು’ ಎಂದರೆ ಅಗ್ಗದ ಆಟಿಕೆ ಎಂದೇ ಅರ್ಥ. ಗುಣಮಟ್ಟವನ್ನು ಅಂಕಿಸಂಖ್ಯೆಯಿಂದ ಹಿಡಿಯುವುದನ್ನು ಜಪಾನಿನ ಎಂಜಿನಿಯರುಗಳು ಕಲಿತದ್ದರಲ್ಲಿ 1950ರಲ್ಲಿ ಅಲ್ಲಿ ಉಪನ್ಯಾಸ ಕೊಟ್ಟ ಅಮೆರಿಕದ ಡೆಮಿಂಗ್ ಅವರ ಪಾಲು ದೊಡ್ಡದು. ಅವರ ಹೆಸರಿನ ಬಹುಮಾನ ಟೊಯೋಟಾಗೆ ಬಂದದ್ದು 1965ರಲ್ಲಿ. ರಕ್ತದಲ್ಲೇ ಇದ್ದ ಗುಣವಾಗಿದ್ದರೆ ಕಲಿಯಲು ಅಷ್ಟು ವರ್ಷ ಬೇಕಿರಲಿಲ್ಲ.

ಭಾರತದ ಅಧ್ಯಾಯವೂ ಹಾಗೆಯೇ. ಟೊಯೋಟಾ ಇಲ್ಲಿಗೆ ಮೊದಲು ಬಂದದ್ದು ಇಂದಿನ ಕಾರ್ಖಾನೆಯಿರುವ ಬಿಡದಿಗಲ್ಲ. 1980ರ ದಶಕದಲ್ಲಿ ಉತ್ತರ ಪ್ರದೇಶದ ಸೂರಜ್‌ಪುರಕ್ಕೆ, ಡಿಸಿಎಂ ಎಂಬ ಕಂಪನಿಯ ಜೊತೆ ಸೇರಿ ಸಣ್ಣ ಲಾರಿ ಮಾಡಲು. ಯೆನ್ ದುಬಾರಿಯಾಯಿತು, ಜಪಾನಿನಿಂದ ತರಿಸುವ ಭಾಗಗಳ ಬೆಲೆ ಏರಿತು, ಲಾರಿ ಮಾರುಕಟ್ಟೆ ಹಿಡಿಯಲಿಲ್ಲ. ಕೊನೆಗೆ ಆ ಕಾರ್ಖಾನೆ ಕೊರಿಯಾದ ಡೇವೂ ಪಾಲಾಯಿತು. ಅದೇ ಜಪಾನು, ಅದೇ ಟೊಯೋಟಾ. ಇಂದು ಆ ಲಾರಿಯನ್ನು ನೆನೆಯುವವರನ್ನು ಹುಡುಕಬೇಕು.

ಬಿಡದಿಯ ಕಥೆ ಬೇರೆ, ಮತ್ತು ಅದಕ್ಕೂ ಮಗ್ಗದ ಎಳೆಯಿದೆ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ವಂಶದ ವಿಕ್ರಂ ಕಿರ್ಲೋಸ್ಕರ್ 1995ರಲ್ಲಿ ಟೊಯೋಡಾ ಗುಂಪಿನೊಂದಿಗೆ ಕೈಜೋಡಿಸಿದ್ದು ಜಿಗಣಿಯಲ್ಲಿ ಜವಳಿ ಯಂತ್ರ ತಯಾರಿಸಲು. ಕಾರಿನ ಕಂಪನಿ 1997ರಲ್ಲಿ ಬಂತು, 1999ರ ಕೊನೆಗೆ ಬಿಡದಿಯಲ್ಲಿ ಉತ್ಪಾದನೆ ಆರಂಭವಾಯಿತು, 2000ದ ಜನವರಿಯಲ್ಲಿ ಕ್ವಾಲಿಸ್ ಹೊರಬಂತು. ಕ್ವಾಲಿಸ್ ಜಪಾನಿನ ಅತ್ಯಾಧುನಿಕ ಕಾರಾಗಿರಲಿಲ್ಲ. ಇಂಡೊನೇಷ್ಯಾದಲ್ಲಿ ಕಿಜಾಂಗ್ ಹೆಸರಿನಲ್ಲಿ ವರ್ಷಗಟ್ಟಲೆ ಓಡಿ ಹಳೆಯದಾಗಿದ್ದ, ನೋಡಲು ಡಬ್ಬಿಯಂತಿದ್ದ ಗಾಡಿ. ಪತ್ರಿಕೆಗಳು ಹಳೇ ಸರಕು ಎಂದವು. ನನ್ನ ಊಹೆಯಲ್ಲಿ ಅದರ ಯಶಸ್ಸಿನ ಗುಟ್ಟು ಅದೇ: ಅದರಲ್ಲಿ ಕೆಡಬಹುದಾದದ್ದೆಲ್ಲ ಬೇರೆಯವರ ರಸ್ತೆಯಲ್ಲಿ ಆಗಲೇ ಕೆಟ್ಟು ಸರಿಯಾಗಿತ್ತು. ಬೆಂಗಳೂರಿನ ಕಾಲ್ ಸೆಂಟರುಗಳ ರಾತ್ರಿ ಪಾಳಿಯನ್ನು ಹೊತ್ತ, ಶಬರಿಮಲೆಗೆ ಹತ್ತು ಮಂದಿಯನ್ನು ಇರುಮುಡಿ ಸಮೇತ ಹೊತ್ತ ಗಾಡಿ ಅದು. 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದಾಗ ಬೇಡಿಕೆ ಇನ್ನೂ ಇತ್ತು. ನನ್ನನ್ನು ಕೊಚ್ಚಿಗೆ ಒಯ್ಯುತ್ತಿದ್ದ ಇನ್ನೋವಾ ಕೂಡ ತಟ್ಟೆ ಇಡ್ಲಿಯ ಊರಿನಲ್ಲಿ, ಬಹುಪಾಲು ಕನ್ನಡದ ಹುಡುಗರ ಕೈಯಲ್ಲಿ ಜೋಡಣೆಯಾದದ್ದು. ಹೇಳಿದಾಗ ಚಾಲಕರು ನಕ್ಕರು. ಅದು ಜಪಾನ್ ಕಂಪನಿ ಎಂದು ನನ್ನನ್ನೇ ತಿದ್ದಿದರು.

ಮುದ್ರೆಯ ಮಹಿಮೆಯನ್ನು ಪರೀಕ್ಷಿಸಲು ಮಾರುಕಟ್ಟೆಯೇ ನಮಗೊಂದು ಪ್ರಯೋಗ ಮಾಡಿಕೊಟ್ಟಿದೆ. 2019ರಲ್ಲಿ ಬಂದ ಟೊಯೋಟಾ ಗ್ಲಾಂಝಾ ಎಂದರೆ ಮಾರುತಿಯ ಬಲೆನೊ. ಸುಜುಕಿಯೇ ತಯಾರಿಸಿ ಕೊಡುವುದು. ಆ ಕಡೆ ಮಾರುತಿ 2023ರಲ್ಲಿ ತಂದ ಇನ್ವಿಕ್ಟೊ ಎಂದರೆ ಇನ್ನೋವಾ ಹೈಕ್ರಾಸ್, ಬಿಡದಿಯಲ್ಲೇ ತಯಾರಾಗುವುದು. ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ ಬಿಡದಿಯಿಂದಲೇ ಹೊರಡುತ್ತದೆ. ಆದರೂ ನನ್ನ ಪರಿಚಿತರಲ್ಲಿ ಗ್ಲಾಂಝಾ ಇಟ್ಟುಕೊಂಡವರು ‘ಟೊಯೋಟಾ ಎಂಜಿನ್’ ಎಂದು ಹೊಗಳುವುದುಂಟು. ಕುತೂಹಲದ ಸಂಗತಿ, ಸುಜುಕಿಯೂ ಮಗ್ಗದಿಂದಲೇ ಹುಟ್ಟಿದ ಮನೆ: ಮಿಚಿಯೊ ಸುಜುಕಿ 1909ರಲ್ಲಿ ಹಮಾಮತ್ಸುವಿನಲ್ಲಿ ಮಗ್ಗದ ಕಾರ್ಖಾನೆ ತೆರೆದರು, ಸಕಿಚಿಯ ಹುಟ್ಟೂರಿಗೆ ಆ ಊರು ನೆರೆಯಲ್ಲೇ ಇದೆ. ಒಂದೇ ಸೀಮೆಯ ಎರಡು ಮಗ್ಗದ ಮನೆಗಳಲ್ಲಿ ಒಂದಕ್ಕೆ ನಾವು ‘ಗಟ್ಟಿ’ ಎಂದೂ ಇನ್ನೊಂದಕ್ಕೆ ‘ಹಗುರ, ಆದರೆ ಖರ್ಚು ಕಡಿಮೆ’ ಎಂದೂ ಹೆಸರಿಟ್ಟಿದ್ದೇವೆ. ಗ್ಲಾಂಝಾ ಕೊಂಡವರ ಪರವಾಗಿ ಒಂದು ಮಾತು ಹೇಳಲೇಬೇಕು. ಲೋಹ ಅದೇ ಇದ್ದರೂ ಬಂದ ಹೊಸತರಲ್ಲಿ ಅದಕ್ಕೆ ಟೊಯೋಟಾ ಕೊಟ್ಟ ವಾರಂಟಿ ಬಲೆನೊಗಿಂತ ದೊಡ್ಡದಿತ್ತು. ಅವರು ಕೊಂಡದ್ದು ಮಾತಿನ ಭರವಸೆ ಎಂದಾದರೆ ಆಯ್ಕೆ ಅವಿವೇಕವಲ್ಲ.

ಗುಣಮಟ್ಟವೊಂದಿದ್ದರೆ ಸಾಕು, ಉಳಿದದ್ದು ನಮಗೆ ಬೇಡ ಎನ್ನುವ ಗ್ರಾಹಕರ ಮಾತನ್ನೂ ನಾನು ಪೂರ್ತಿ ನಂಬಲಾರೆ. ಎಟಿಯೋಸ್ ಇದಕ್ಕೆ ಸಾಕ್ಷಿ. ಭಾರತಕ್ಕೆಂದೇ ರೂಪಿಸಿ 2010ರ ಡಿಸೆಂಬರಿನಲ್ಲಿ ಬಿಟ್ಟ ಕಾರು, ಅದಕ್ಕಾಗಿ ಬಿಡದಿಯಲ್ಲಿ ಎರಡನೆಯ ಘಟಕವೇ ಎದ್ದಿತು. ಟ್ಯಾಕ್ಸಿಯವರು ಅದನ್ನೂ ಹೊಗಳಿದರು, ಕೊಚ್ಚಿಯ ವಿಮಾನ ನಿಲ್ದಾಣದಲ್ಲೂ ಬೆಂಗಳೂರಿನಲ್ಲೂ ಓಡಿಸಿದರು. ಆದರೆ ಮನೆಮಂದಿ ಮೂಗು ಮುರಿದರು: ಟ್ಯಾಕ್ಸಿ ಥರ ಕಾಣುತ್ತದೆ, ಒಳಗೆ ಚೆಂದವಿಲ್ಲ. 2020ರಲ್ಲಿ ಅದು ನಿಂತುಹೋಯಿತು. ಹಾಗಾದರೆ ಇನ್ನೋವಾ ಟ್ಯಾಕ್ಸಿಯಲ್ಲವೇ? ಅದನ್ನು ಮಂತ್ರಿಗಳೂ ಹತ್ತುತ್ತಾರೆ, ಮದುಮಗನೂ ಹತ್ತುತ್ತಾನೆ. ಬಾಳಿಕೆಯ ಗುಣ ಎರಡಕ್ಕೂ ಸಮಾನವಾಗಿದ್ದು ಒಂದಕ್ಕೆ ಮನ್ನಣೆ, ಇನ್ನೊಂದಕ್ಕೆ ಮೂಗುಮುರಿತ ಎಂದರೆ ನಿರ್ಧಾರ ಎಲ್ಲೋ ಬೇರೆ ಕಡೆ ಆಗಿದೆ.

ಮರುಮಾರಾಟದ ಬೆಲೆ ಎಂಬ ವಾದವನ್ನು ಇಲ್ಲಿ ತಂದು ನಿಲ್ಲಿಸುವವರುಂಟು. ದುಡ್ಡು ಸುಳ್ಳು ಹೇಳುವುದಿಲ್ಲ ಎಂದು. ಹೇಳುವುದಿಲ್ಲ, ನಿಜ, ಆದರೆ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಇನ್ನೋವಾ 2005ರಲ್ಲಿ ಬಂದಾಗ ಅದರ ಆರಂಭದ ಬೆಲೆ ಸುಮಾರು 7 ಲಕ್ಷದ ಆಸುಪಾಸಿನಲ್ಲಿತ್ತು. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಆರಂಭದ ಬೆಲೆ 13.84 ಲಕ್ಷ. ಹೊಸದರ ಬೆಲೆ ಹೀಗೆ ಏರುತ್ತಾ ಹೋದಾಗ ಹಳೆಯದರ ಬೆಲೆಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಏಳು ಸೀಟಿನ ಡೀಸೆಲ್ ಗಾಡಿ ಹುಡುಕುವ ಟ್ಯಾಕ್ಸಿಯವರಿಗೆ ಬೇರೆ ದಾರಿ ಕಡಿಮೆ. ಅದರ ಮೇಲೆ, ಎಲ್ಲರೂ ಒಳ್ಳೆಯ ಬೆಲೆ ಸಿಗುತ್ತದೆ ಎಂದು ನಂಬಿದ್ದರಿಂದಲೇ ಒಳ್ಳೆಯ ಬೆಲೆ ಸಿಗುತ್ತದೆ, ಚಿನ್ನದ ಹಾಗೆ. ಕಾರಿನ ಒಡೆಯನಿಗೆ ಇದು ನಿಜವಾದ ಲಾಭ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗೇರ್‌ಬಾಕ್ಸಿನ ಗುಣಕ್ಕೆ ಅದು ಪ್ರಮಾಣಪತ್ರ ಎನ್ನುವುದನ್ನು ಮಾತ್ರ ಒಪ್ಪಲಾರೆ.

ಕಂಪನಿಯ ಪ್ರಾಮಾಣಿಕತೆಯ ಬಗ್ಗೆಯೂ ಇಂಥದ್ದೇ ಒಂದು ಸಡಿಲ ನಂಬಿಕೆ ಇದೆ. ನೂಲು ಹರಿದರೆ ನಿಲ್ಲುವ ಮಗ್ಗದ ತತ್ವ ಕಾರ್ಖಾನೆಗೆ ಬಂದಾಗ ಯಾವ ಕಾರ್ಮಿಕನೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದೆಂಬ ಪದ್ಧತಿಯಾಯಿತು. ಇದು ದೊಡ್ಡ ಕಲ್ಪನೆ, ಮತ್ತು ನಿಜವಾಗಿಯೂ ಕೆಲಸ ಮಾಡುವ ಕಲ್ಪನೆ. ಆದರೂ 2009–10ರಲ್ಲಿ ನೆಲಹಾಸು ಮತ್ತು ಆಕ್ಸಿಲರೇಟರ್ ಪೆಡಲಿನ ದೋಷಕ್ಕೆ ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಅಧ್ಯಕ್ಷ ಅಕಿಯೊ ಟೊಯೋಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು, ನಾವು ಬೆಳೆದ ವೇಗ ಹೆಚ್ಚಾಯಿತು ಎಂಬರ್ಥದ ಮಾತಾಡಿದರು. ಗ್ರಾಹಕರಿಂದ ಮಾಹಿತಿ ಮುಚ್ಚಿಟ್ಟದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಬಿತ್ತು. 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್ನುಗಳ ಶಕ್ತಿ ಪರೀಕ್ಷೆಯಲ್ಲಿ ಮಾರಾಟದ ಎಂಜಿನ್ನಿನಲ್ಲಿ ಇರದ ತಂತ್ರಾಂಶ ಬಳಸಿದ್ದು ಹೊರಬಂದು, ಭಾರತದಲ್ಲೂ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ರವಾನೆ ಕೆಲಕಾಲ ನಿಂತಿತು. ಆ ಎಂಜಿನ್ನುಗಳ ತಯಾರಕ ಟೊಯೋಟಾ ಇಂಡಸ್ಟ್ರೀಸ್. ಸಕಿಚಿಯ ಮಗ್ಗದ ಕಂಪನಿಯೇ ಅದು. ಎಂಜಿನ್ನುಗಳು ಮಾನದಂಡದೊಳಗೇ ಇವೆ ಎಂದು ಕಂಪನಿ ಹೇಳಿತು, ರವಾನೆ ಮತ್ತೆ ಶುರುವಾಯಿತು.

ಬಿಡದಿಯಲ್ಲಿ 2006, 2014, 2020ರಲ್ಲಿ ಬೀಗ ಬಿತ್ತು. ಕೊನೆಯದು ಮುಷ್ಕರ, ಬೀಗಮುದ್ರೆಗಳ ನಡುವೆ ಮುಂದಿನ ವರ್ಷಕ್ಕೂ ಎಳೆಯಿತು. ಕಾರು ಮೆಚ್ಚುವವರ ಮಾತಿನಲ್ಲಿ ಇದು ಬರುವುದಿಲ್ಲ, ಬರಬೇಕೆಂದು ನಾನು ಒತ್ತಾಯಿಸುವುದೂ ಇಲ್ಲ. ಆದರೆ ಅದೇ ಆವರಣದಲ್ಲಿ 2007ರಿಂದ ಹಳ್ಳಿಯ ಬಡ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ನಂತರ ಕೌಶಲ ಕಲಿಸುವ ಶಾಲೆಯೂ ನಡೆಯುತ್ತಿದೆ ಎಂದು ಮೆಚ್ಚಿ ಹೇಳುವಾಗ ಇದನ್ನೂ ಪಕ್ಕದಲ್ಲಿಡುವುದು ನ್ಯಾಯ.

ಬ್ರ್ಯಾಂಡಿನ ಮೇಲಿನ ನಂಬಿಕೆ ಎಂದು ನಾವು ಕರೆಯುವುದು ಬ್ರ್ಯಾಂಡಿನ ಮೇಲಿನದ್ದೇ ಎಂಬುದೂ ನನಗೆ ಖಚಿತವಿಲ್ಲ. 2022ರ ಕೊನೆಗೆ ಹೈಕ್ರಾಸ್ ಬಂತು: ಡೀಸೆಲ್ ಇಲ್ಲ, ಲಾರಿಯಂಥ ಚಾಸಿಸ್ ಇಲ್ಲ, ಹಿಂದಿನ ಚಕ್ರದ ಬದಲು ಮುಂದಿನ ಚಕ್ರ ಎಳೆಯುತ್ತದೆ, ಪೆಟ್ರೋಲ್ ಜೊತೆ ಬ್ಯಾಟರಿ. ಕಂಪನಿಯ ಮೇಲಿನ ನಂಬಿಕೆಯೇ ಮುಖ್ಯವಾಗಿದ್ದರೆ ಟ್ಯಾಕ್ಸಿಯವರು ಕಣ್ಣುಮುಚ್ಚಿ ಅದಕ್ಕೆ ಹೋಗಬೇಕಿತ್ತು. ಪ್ರಿಯಸ್ ಎಂಬ ಹೈಬ್ರಿಡ್ 1997ರಿಂದ ಇದೆ, ಜಗತ್ತಿನ ಎಷ್ಟೋ ಊರುಗಳಲ್ಲಿ ಟ್ಯಾಕ್ಸಿಯಾಗಿ ದುಡಿದಿದೆ. ಆದರೂ ಇಲ್ಲಿನ ಟ್ಯಾಕ್ಸಿಯವರು ಹಾಗೆ ಹೋಗಲಿಲ್ಲ. 2023ರಲ್ಲಿ ಕಂಪನಿ ಡೀಸೆಲ್ ಕ್ರಿಸ್ಟಾವನ್ನು ಮತ್ತೆ ಮಾರಾಟಕ್ಕೆ ತಂದಿತು. ನಂಬಿಕೆ ಟೊಯೋಟಾದ ಮೇಲಲ್ಲ, ಒಂದು ಬಗೆಯ ಡೀಸೆಲ್ ಎಂಜಿನ್ ಮತ್ತು ಒಂದು ಬಗೆಯ ಕಬ್ಬಿಣದ ಚೌಕಟ್ಟಿನ ಮೇಲೆ ಎಂದು ನನಗೆ ಅನಿಸಿದ್ದು ಆಗ.

ಆ ಬಾಳಿಕೆಗೂ ಇನ್ನೊಂದು ಮುಖವಿದೆ, ಅದು ಬಯಲಾದದ್ದು ಕೊಚ್ಚಿಯಲ್ಲೇ. ಕ್ರಿಸ್ಟಾ ಬಂದ ಅದೇ 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಸಂಚಾರಿ ಪೀಠ ಕೊಚ್ಚಿಯಲ್ಲಿ ಕೂತು, ತಿರುವನಂತಪುರ, ಕೊಚ್ಚಿ ಸೇರಿ ಕೇರಳದ ಆರು ನಗರಗಳಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ನಿಲ್ಲಿಸಬೇಕೆಂದೂ 2,000 ಸಿಸಿ ಮತ್ತು ಅದಕ್ಕೂ ದೊಡ್ಡ ಹೊಸ ಡೀಸೆಲ್ ಗಾಡಿಗಳನ್ನು ನೋಂದಾಯಿಸಬಾರದೆಂದೂ ಆದೇಶಿಸಿತು. ಕೇರಳ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ದೆಹಲಿ ವಲಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಡೀಸೆಲ್ ಗಾಡಿಗಳ ಓಡಾಟದ ಮೇಲಿನ ಅಂಥದ್ದೇ ನಿಷೇಧವನ್ನು ಎತ್ತಿಹಿಡಿಯಿತು. ಎಂಜಿನ್ ಬಿಚ್ಚದೆ 12 ವರ್ಷ ಓಡುವುದು ಅದರ ಒಡೆಯನಿಗೆ ಹೆಮ್ಮೆ. ಹಿಂದೆ ಸ್ಕೂಟರಿನಲ್ಲಿ ನಿಂತವನಿಗೆ ಅದು 12 ವರ್ಷ ಹಳೆಯ ನಿಯಮಕ್ಕೆ ತಕ್ಕ ಹೊಗೆ. ಎರಡೂ ಒಂದೇ ಗಾಡಿಯ ಗುಣ.

ಅರೂರ್ ದಾಟಿ ಕೊಚ್ಚಿ ಸೇರುವಾಗ ಇದೆಲ್ಲವನ್ನೂ ಚಾಲಕರಿಗೆ ಹೇಳಲಿಲ್ಲ. ಹೇಳುವಷ್ಟು ಮಲಯಾಳ ನನಗೆ ಬರುವುದೂ ಇಲ್ಲ. ಮುಂದಿನ ಗಾಡಿ ಯಾವುದು ಎಂದಷ್ಟೇ ಕೇಳಿದೆ. ಮಗಳು ಹೈಬ್ರಿಡ್ ತಗೋ ಅನ್ನುತ್ತಾಳೆ, ಬ್ಯಾಟರಿಗೆ ಎಂಟು ವರ್ಷ, 1,60,000 ಕಿಲೋಮೀಟರ್ ವಾರಂಟಿಯಂತೆ ಎಂದರು. ಅವರ ಲೆಕ್ಕದಲ್ಲಿ ಅದು ನಾಲ್ಕು ವರ್ಷದ ಓಟ. ಆಮೇಲೆ? ಕೈ ಸ್ಟಿಯರಿಂಗಿನಿಂದ ತೆಗೆದು ಒಮ್ಮೆ ತಿರುವಿ ತೋರಿಸಿದರು. ಇಳಿಯುವಾಗ ಚೀಲ ಕೊಡುತ್ತಾ ಅವರಿಗೆ ನನ್ನ ಹಳೆಯ ಮಾತು ನೆನಪಾಯಿತು. ಬಿಡದಿ ನಿಮ್ಮ ಮನೆಗೆ ಹತ್ತಿರವೇ ಎಂದು ಕೇಳಿದರು. ಒಂದು ಗಂಟೆಯ ದಾರಿ ಎಂದೆ. ಹಾಗಾದರೆ ಒಂದು ಉಪಕಾರ ಮಾಡಿ, ಡೀಸೆಲ್ ನಿಲ್ಲಿಸಬೇಡಿ ಎಂದು ಅಲ್ಲಿಯವರಿಗೆ ಹೇಳಿ ಎಂದರು.